ಎಲಿವೇಷನ್ನಿನ ಹಿಂದೆ ಒಂದು ಕಿಟಕಿ

ನನ್ನ ಗಂಡನ ಅಣ್ಣನ ಬಾಯಿಗೆ ಎಲಿವೇಷನ್ ಎಂಬ ಮಾತು ಹತ್ತಿದ ದಿನವೇ ನನ್ನ ಗ್ರಹಚಾರ ಕೆಟ್ಟಿತು. ಅದಕ್ಕೂ ಮುಂಚೆ ನಮ್ಮ ಮನೆಗೆ ಇದ್ದದ್ದು ಮುಂದಿನ ಗೋಡೆ, ಅಷ್ಟೇ. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುವ ರಸ್ತೆಗೆ ಮುಖ ಮಾಡಿದ, ಮಾವನವರ ಕಾಲದಲ್ಲಿ ಕಟ್ಟಿಸಿದ ಸಾದಾ ಗೋಡೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿದರೆ ಅದರ ಅಲಂಕಾರ ಮುಗಿಯುತ್ತಿತ್ತು. ಭಾವನವರದು ಸೈಟು ಕೊಡಿಸುವ ವ್ಯವಹಾರ. ದೇವನಹಳ್ಳಿ ಕಡೆಯಿಂದ ದೊಡ್ಡ ಕಾರುಗಳಲ್ಲಿ ಬರುವ ಪಾರ್ಟಿಗಳು ನಮ್ಮ ಹಾಲ್‌ನಲ್ಲಿ ಕೂತು, ಕಾಫಿ ಕುಡಿದು, ನಕ್ಷೆ ನೋಡಿ ಹೋಗುತ್ತಿದ್ದರು. ಅಂಥ ಒಬ್ಬರು ನಮ್ಮ ಗೇಟಿನ ಮುಂದೆಯೇ ಕಾರು ನಿಲ್ಲಿಸಿಕೊಂಡು, ನಿಮ್ಮ ಆಫೀಸು ಎಲ್ಲಿ ಎಂದು ಫೋನು ಮಾಡಿ ಕೇಳಿದರಂತೆ. ಭಾವನವರಿಗೆ ಅದು ದೊಡ್ಡ ಅವಮಾನವಾಯಿತು. ಅವತ್ತು ಊಟಕ್ಕೆ ಕೂತಾಗಲೇ ಅವರು ಮನೆಗೆ ಎಲಿವೇಷನ್ ಮಾಡಿಸುವ, ಅಂದರೆ ಮುಂದಿನ ಗೋಡೆಗೆ ಹೊಸ ಮುಖ ಕೊಡಿಸುವ ವಿಷಯ ತೆಗೆದದ್ದು.

ಆ ಗೋಡೆಯಲ್ಲಿ ಎರಡು ಕಿಟಕಿ. ಒಂದು ಹಾಲ್‌ನದು, ಇನ್ನೊಂದು ಈಶಾನ್ಯ ಮೂಲೆಯ ಚಿಕ್ಕ ಕೋಣೆಯದು. ಆ ಚಿಕ್ಕ ಕೋಣೆಯಲ್ಲಿ ನಾನು, ನನ್ನ ಹೊಲಿಗೆ ಮಿಷನ್ನು. ನಂದಗುಡಿ ಕಡೆಯ ತವರಿನಿಂದ ನನ್ನ ಜೊತೆಗೇ ಬಂದ ಮಿಷನ್ನು ಅದು. ಕಿಟಕಿಗೆ ಒತ್ತಿ ಹಾಕಿಕೊಂಡು ಕೂತರೆ ಎಡಗಡೆಯಿಂದ ಬೆಳಕು ಸೂಜಿಯ ಮೇಲೆ ಬೀಳುತ್ತಿತ್ತು. ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂದೇ ನಾನು ನಂಬಿದ್ದೆ.

ನನ್ನ ವ್ಯಾಪಾರವೆಲ್ಲ ಕಿಟಕಿಯಲ್ಲೇ. ನಮ್ಮೂರಲ್ಲಿ ರೇಷ್ಮೆ ನೂಲು ಬಿಚ್ಚುವ, ಹುರಿ ಮಾಡುವ ಘಟಕಗಳು ಬೇಕಾದಷ್ಟಿವೆ. ಅಲ್ಲಿಗೆ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಬ್ಲೌಸ್ ಪೀಸನ್ನೂ ಅಳತೆಗೆ ಒಂದು ಹಳೇ ಬ್ಲೌಸನ್ನೂ ಸುತ್ತಿ ಸರಳಿನ ಸಂದಿಯಲ್ಲಿ ನನಗೆ ಕೊಟ್ಟು ಹೋಗುವರು, ಸಂಜೆ ಬರುವಾಗ ಸಿದ್ಧವಾದದ್ದನ್ನು ಇಸಿದುಕೊಳ್ಳುವರು. ಯಾರೂ ಮನೆಯೊಳಗೆ ಬರುತ್ತಿರಲಿಲ್ಲ. ಬಿಸಿನೀರಲ್ಲಿ ಗೂಡು ಬೇಯಿಸಿ ಬೇಯಿಸಿ ಅವರ ಸೀರೆಗೆಲ್ಲ ಹುಳದ ವಾಸನೆ ಹತ್ತಿರುತ್ತದೆ. ನಮ್ಮತ್ತೆಯ ಮೂಗು ಅದನ್ನು ಗೇಟಿನಲ್ಲೇ ಹಿಡಿಯುತ್ತಿತ್ತು. ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, ಸೆರಗು ಮೂಗಿಗೆ ಹಿಡಿಯುತ್ತಿದ್ದರು, ಅಷ್ಟೇ. ಬಂದವರಿಗೆ ಅದು ಸಾಕಾಗುತ್ತಿತ್ತು. ನನಗೂ ಹೊರಗೆ ಹೋಗುವುದೆಂದರೆ ಸುಲಭವಿರಲಿಲ್ಲ. ಬಾಗಿಲಿಗೆ ಹೋಗಬೇಕಾದರೆ ಹಾಲ್ ದಾಟಬೇಕು, ಹಾಲ್ ದಾಟಬೇಕಾದರೆ ಭಾವನವರ ಪಾರ್ಟಿಗಳ ಮುಂದೆ ಹಾದು ಹೋಗಬೇಕು. ಮನೆ ಸೊಸೆ ಗಂಡಸರ ಮುಂದೆ ಹಾಗೆ ಓಡಾಡುವುದು ಅತ್ತೆಗೆ ಸರಿಬರುತ್ತಿರಲಿಲ್ಲ. ಹೀಗಾಗಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಘಟಕದಲ್ಲಿ ಕೆಲಸ ನಿಂತಿತು, ಬಸ್ಸು ಇವತ್ತು ಬಂತೋ ಇಲ್ಲವೋ, ಎಲ್ಲ ನನಗೆ ತಿಳಿಯುತ್ತಿದ್ದದ್ದು ಆ ಸರಳುಗಳ ಸಂದಿಯಿಂದ.

ಭಾವನವರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ನಂದಿ ಬೆಟ್ಟದ ಕಡೆ ಯಾವುದೋ ರೆಸಾರ್ಟಿನ ಗೋಡೆ. ಮರದ ಬಣ್ಣದ ಹಲಗೆಗಳನ್ನು ಅಡ್ಡಡ್ಡ ಹೊಡೆದು, ಮೇಲಿಂದ ಕೆಳಗೆ ದೀಪ ಬಿಟ್ಟಿದ್ದರು. ಅದು ಮರವಲ್ಲ, ಸಿಮೆಂಟಿನ ಹಲಗೆ, ಮಳೆಗೆ ಏನೂ ಆಗುವುದಿಲ್ಲ ಎಂದು ಅವರು ಹೇಳಿದರು. ಎಲ್ಲರೂ ಚೆನ್ನಾಗಿದೆ ಎಂದರು, ನಾನೂ ಅಂದೆ. ಚೆನ್ನಾಗೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಚಿತ್ರದ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ. ನನ್ನ ಕಿಟಕಿ ಏನಾಗುತ್ತದೆ ಎಂದು ಕೇಳಿದೆ.

ಭಾವನವರು ನನ್ನ ಪ್ರಶ್ನೆಗೆ ಉತ್ತರ ಕೊಡುವಾಗ ಯಾವಾಗಲೂ ತಮ್ಮನ ಮುಖ ನೋಡಿಯೇ ಕೊಡುತ್ತಿದ್ದರು. ಅವತ್ತೂ ಹಾಗೇ ಮಾಡಿದರು.

"ಹಾಲ್ ಕಿಟಕಿಗೆ ಸುತ್ತ ಬಾರ್ಡರ್ ಕೊಟ್ಟು ಬಿಡ್ತಾರಂತೆ ಕಣೋ. ಮೂಲೇದು ಇದ್ರೆ ಲೈನು ಕಟ್ಟಾಗುತ್ತೆ. ಅಲ್ಲಿ ಆಫೀಸು ಬೋರ್ಡು ಬರ್ಬೇಕು. ಒಳಗೆ ಒಂದು ಟ್ಯೂಬ್‌ಲೈಟ್ ಹಾಕಿಸ್ಕೊಡ್ತೀನಿ ಬಿಡು."

ನನ್ನ ಗಂಡ ಏರ್‌ಪೋರ್ಟಿಗೆ ಕಾರು ಓಡಿಸುತ್ತಾರೆ. ಎಂಥೆಂಥ ಟ್ರಾಫಿಕ್ಕಿನಲ್ಲೂ ದಾರಿ ಮಾಡಿಕೊಂಡು ಹೋಗುವ ಮನುಷ್ಯ. ಅಣ್ಣನ ಮುಂದೆ ಮಾತ್ರ ಉಸಿರೆತ್ತುವುದಿಲ್ಲ. ಕೋಣೆಗೆ ಬಂದಮೇಲೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ, ಟ್ಯೂಬ್‌ಲೈಟ್ ಬೆಳಕು ಇನ್ನೂ ಜಾಸ್ತಿ ಇರುತ್ತೆ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಬೆಳಕು ಒಂದೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ನಿಮ್ಮ ಟ್ಯೂಬ್‌ಲೈಟು ಬಂದು ಬ್ಲೌಸ್ ಪೀಸು ಕೊಡುತ್ತದೆಯೇ ಎಂದು ಕೇಳಿದೆ. ಅವರು ಆ ಕಡೆ ತಿರುಗಿ ಮಲಗಿದರು.

ಹಲಗೆ ಹೊಡೆಯುವವರು ಹೊಸಕೋಟೆಯಿಂದ ಬಂದರು. ಮೇಸ್ತ್ರಿ ವಾಚಾಳಿ ಮನುಷ್ಯ, ಕೈ ಒಂದು ಕಡೆ ಓಡುತ್ತಿದ್ದರೆ ಬಾಯಿ ಇನ್ನೊಂದು ಕಡೆ ಓಡುತ್ತಿತ್ತು. ಜೊತೆಗೆ ಅವನ ಬಾಮೈದ. ಮೊದಲು ಗೋಡೆಗೆ ಡ್ರಿಲ್ಲಿನಿಂದ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, ಉದ್ದುದ್ದ ತಗಡಿನ ಪಟ್ಟಿ ನಿಲ್ಲಿಸಿದರು. ನನ್ನ ಕಿಟಕಿಯ ಮೇಲೂ ಎರಡು ಪಟ್ಟಿ ಅಡ್ಡ ಬಂದವು. ಕೋಣೆಯ ತುಂಬ ಗೋಡೆಯ ಧೂಳು. ಹೊಲಿಯಲು ಇಟ್ಟ ಬಟ್ಟೆಗಳನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿಟ್ಟು ನಾನು ಸರಳು ಹಿಡಿದುಕೊಂಡು ನೋಡುತ್ತಾ ನಿಂತೆ. ಮೇಸ್ತ್ರಿ ಕಿಟಕಿಯಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ. ಈ ಹಲಗೆಗಳನ್ನು ಹೇಗೆ ಕೂರಿಸುತ್ತೀರಿ ಎಂದು ಕೇಳಿದೆ. ಅವನಿಗೆ ಅಷ್ಟೇ ಸಾಕಾಯಿತು.

ಗೋಡೋನುಗಳಿಗಾದರೆ ಎದುರಿನಿಂದಲೇ ಸ್ಕ್ರೂ ಹೊಡೆದು ಮೇಲೆ ಬಣ್ಣ ಬಳಿದುಬಿಡುತ್ತಾರಂತೆ. ಯಾವ ಹಲಗೆ ಬೇಕಾದರೂ ಯಾವಾಗ ಬೇಕಾದರೂ ಬಿಚ್ಚಬಹುದು, ಆದರೆ ನೋಡಲು ಚೆನ್ನಾಗಿರುವುದಿಲ್ಲ. ದುಬಾರಿ ರೆಸಾರ್ಟುಗಳಲ್ಲಿ ಹಿಂದೆ ಕ್ಲಿಪ್ಪು ಇಟ್ಟು ಅದಕ್ಕೆ ಹಲಗೆ ಸಿಕ್ಕಿಸುತ್ತಾರೆ. ನಮ್ಮ ಮನೆಗೆ ಒಂದರ ಮೇಲೊಂದು ಹತ್ತಿಸುವ ಕೆಲಸ. ತೀರ ಕೆಳಗಿನ ಹಲಗೆಯ ಮೇಲಂಚಿಗೆ ಸ್ಕ್ರೂ ಹೊಡೆಯಬೇಕು. ಅದರ ಮೇಲಿನ ಹಲಗೆ ಒಂದಂಗುಲ ಕೆಳಗಿಳಿದು ಆ ಸ್ಕ್ರೂಗಳನ್ನು ಮುಚ್ಚಿಕೊಂಡು ಕೂರುತ್ತದೆ. ಹಾಗೇ ಕೆಳಗಿನಿಂದ ಮೇಲಕ್ಕೆ ಹೋಗುವುದು. ಮಳೆನೀರು ಒಂದರ ಮೇಲಿಂದ ಒಂದಕ್ಕೆ ಜಾರಿ ಹೋಗುತ್ತದೆ, ಸ್ಕ್ರೂ ಒಂದೂ ಕಾಣುವುದಿಲ್ಲ. ನಾವು ಸೀರೆಗೆ ಹೆಮ್ಮಿಂಗ್ ಹಾಕುವಾಗ ದಾರ ಹೊರಗೆ ಕಾಣದ ಹಾಗೆ ಎತ್ತುತ್ತೇವಲ್ಲ, ಹಾಗೆ. ನನ್ನ ಕಿಟಕಿಯ ಮುಂದೆ ಮಾತ್ರ ಗೋಡೋನಿನ ಥರ ಎದುರು ಸ್ಕ್ರೂ ಹೊಡಿಯಪ್ಪ, ನಾಳೆ ಬೇಕಾದರೆ ಬಿಚ್ಚಬಹುದು ಎಂದು ಬೇಡಿಕೊಂಡೆ. ಅವನು ತಲೆ ಕೆರೆದುಕೊಂಡ.

"ಸ್ಕ್ರೂ ಒಂದೂ ಕಾಣಬಾರ್ದು ಅಂತ ಸಾಹೇಬ್ರು ಹೇಳಿಬಿಟ್ಟಿದ್ದಾರೆ ಅಕ್ಕಾ. ನಾನೇನು ಮಾಡ್ಲಿ?"

ಮಾರನೆಯ ಬೆಳಿಗ್ಗೆ ಹಲಗೆ ಹೊಡೆಯಲು ಶುರುಮಾಡುವ ಹೊತ್ತಿಗೆ ನಮ್ಮತ್ತೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೂವು, ಒಂದು ತೆಂಗಿನಕಾಯಿ ಇಟ್ಟುಕೊಂಡು ಹೊರಗೆ ಬಂದರು. ಬಾಗಿಲು ನಿಲ್ಲಿಸುವಾಗ ಪೂಜೆ ಮಾಡುತ್ತೇವೆ, ಬೋರು ಕೊರೆಸುವಾಗ ಮಾಡುತ್ತೇವೆ, ಮನೆಗೆ ಹೊಸ ಗೋಡೆ ಬರುವಾಗ ಬೇಡವೇ ಎನ್ನುವುದು ಅವರ ವಾದ. ಯಾರೂ ಬೇಡವೆನ್ನಲಿಲ್ಲ. ಮೊದಲನೆಯ ಹಲಗೆಗೆ ಮೂರು ಕಡೆ ಅರಿಶಿನ ಕುಂಕುಮ ಹಚ್ಚಿ, ಹೂವು ಇಟ್ಟು, ಕಾಯಿ ಒಡೆದರು. ಮೇಸ್ತ್ರಿ ಶ್ರದ್ಧೆಯಿಂದ ನಿಂತು ನೋಡಿ, ಆಮೇಲೆ ಆ ಹಲಗೆಯನ್ನು ಎತ್ತಿಕೊಂಡು ಹೋಗಿ ನೆಲದ ಹತ್ತಿರ, ಮೆಟ್ಟಿಲ ಪಕ್ಕದಲ್ಲಿ ಹಿಡಿದ. ಅತ್ತೆ ಅವನ ಕೈ ತಡೆದರು.

"ಅರಿಶಿನ ಕುಂಕುಮ ಇಟ್ಟಿದ್ದನ್ನ ಚಪ್ಪಲಿ ಬಿಡೋ ಜಾಗದಲ್ಲಿ ಹೊಡೀತಾರೇನಪ್ಪಾ? ತೋರಣದ ಮಟ್ಟಕ್ಕೆ ಹೊಡಿ. ಈಶಾನ್ಯಕ್ಕೆ."

ಕೆಳಗಿನಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಹತ್ತುವುದಿಲ್ಲ ಎಂದು ಅವನು ಬಗೆಬಗೆಯಾಗಿ ಹೇಳಿದ. ಬೇರೆ ಹಲಗೆಗೆ ಪೂಜೆ ಮಾಡೋಣ, ಅದನ್ನು ಆಮೇಲೆ ಮೇಲೆ ಹೊಡೆಯೋಣ ಎಂದೂ ಅಂದ. ಕಾಯಿ ಒಡೆದಾಯಿತು, ಪೂಜೆ ಮಾಡಿದ ಹಲಗೆ ಮೊದಲು ಗೋಡೆ ಹತ್ತಬೇಕು, ಅದನ್ನು ಮೂಲೆಗೆ ಒರಗಿಸಿ ಬೇರೆಯದನ್ನು ಮುಂದೆ ಮಾಡಿದರೆ ಅದಕ್ಕಿಂತ ಅಪಶಕುನ ಬೇರೆ ಇಲ್ಲ ಎಂದು ಅತ್ತೆ ಕದಲಲಿಲ್ಲ. ಭಾವನವರು ಹಲ್ಲು ಕಚ್ಚಿಕೊಂಡು, ಅಮ್ಮ ಹೇಳಿದಂಗೆ ಮಾಡಪ್ಪ ಎಂದು ಫೋನು ಹಿಡಿದುಕೊಂಡು ಆಚೆ ಹೋದರು. ನಮ್ಮ ಮನೆಯಲ್ಲಿ ಭಾವನವರ ಮಾತಿಗೆ ಎದುರಿಲ್ಲ, ಅತ್ತೆಯ ಮಾತಿಗೆ ಭಾವನವರದೂ ಎದುರಿಲ್ಲ. ಮೇಸ್ತ್ರಿ ಟೇಪು ಹಿಡಿದು, ದಾರ ಎಳೆದು, ಲೆಕ್ಕ ಹಾಕಿ, ಆ ಹಲಗೆಯನ್ನು ಈಶಾನ್ಯ ಮೂಲೆಯಲ್ಲಿ ನನ್ನ ಕಿಟಕಿಯ ನೆತ್ತಿಯ ಮೇಲೆ ಹೊಡೆದ. ಅದರ ಮೇಲಂಚಿಗೆ ಮಾತ್ರ ಸ್ಕ್ರೂ, ಕೆಳಗಿನ ಅಂಚು ಸಡಿಲ. ಆಮೇಲೆ ಕೆಳಗೆ ಇಳಿದು ನೆಲದಿಂದ ಶುರುಮಾಡಿದ.

ಕತ್ತಲು ನನಗೆ ಕೆಳಗಿನಿಂದ ಮೇಲೆ ಬಂತು. ಮೊದಲು ರಸ್ತೆ ಹೋಯಿತು. ಆಮೇಲೆ ಎದುರು ಮನೆಯ ಜಗಲಿ ಹೋಯಿತು. ಆಮೇಲೆ ಓಡಾಡುವವರ ಸೊಂಟ, ಭುಜ, ತಲೆ ಒಂದೊಂದೇ ಹೋದವು. ಹುರಿ ಘಟಕದ ಒಬ್ಬಾಕೆ ಅದೇ ಹೊತ್ತಿಗೆ ಬ್ಲೌಸ್ ಪೀಸು ಹಿಡಿದು ಬಂದವಳು, ಇದೇನಕ್ಕಾ ನಿನ್ನನ್ನ ಒಳಗಿಟ್ಟು ಗೋಡೆ ಕಟ್ತಾ ಇದ್ದಾರಲ್ಲ ಎಂದು ನಕ್ಕಳು. ನಾನೂ ನಕ್ಕೆ. ಹಲಗೆ ಎದೆಮಟ್ಟಕ್ಕೆ ಬಂದಿತ್ತು, ಬಟ್ಟೆಯನ್ನು ಮೇಲಿನಿಂದ ಇಸಿದುಕೊಂಡೆ. ಅವಳು ಆ ಕಡೆ ಹೋದಮೇಲೆ ನಗು ನಿಂತುಹೋಯಿತು.

ಕೊನೆಗೆ ಪೂಜೆ ಹಲಗೆಯ ಕೆಳಗೆ ಒಂದೇ ಒಂದು ಹಲಗೆಯಷ್ಟು ಸಂದಿ ಉಳಿಯಿತು. ಅದರಲ್ಲಿ ಆಕಾಶ, ಒಂದು ಲೈಟು ಕಂಬದ ತುದಿ. ಮೇಸ್ತ್ರಿ ಒಂದು ಹಲಗೆಯನ್ನು ಕೊಯ್ದು ಅಗಲ ಸರಿಮಾಡಿಕೊಂಡು, ಅದರ ಮೇಲಂಚನ್ನು ಪೂಜೆ ಹಲಗೆಯ ಅಡಿಗೆ ತೂರಿಸಿ ನೂಕಿದ. ಮೇಲಂಚಿಗೆ ಸ್ಕ್ರೂ ಹೊಡೆಯಲು ಈಗ ಜಾಗವೇ ಇಲ್ಲ, ಅದು ಪೂಜೆ ಹಲಗೆಯ ಹಿಂದೆ ಹೋಗಿಬಿಟ್ಟಿದೆ. ಬಾಮೈದನ ಜೊತೆ ಅವನು ಉರ್ದುವಿನಲ್ಲಿ ಏನೋ ಗೊಣಗಿಕೊಂಡು, ಬೇರೆ ದಾರಿ ಕಾಣದೆ ಎದುರಿನಿಂದಲೇ ಸ್ಕ್ರೂ ಹೊಡೆದ. ಡ್ರಿಲ್ಲಿನ ಸದ್ದು ನನ್ನ ಹಣೆಯ ಹತ್ತಿರವೇ ಕೇಳಿಸಿತು. ಆಮೇಲೆ ಸ್ಕ್ರೂ ತಲೆಗಳ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹಚ್ಚಿದ ಹಾಗೆ ಕಾಣುತ್ತದೆ, ಬ್ರಶ್ಶಿನ ಸದ್ದು ಸರಸರ ಕೇಳಿ ನಿಂತಿತು. ನಾನು ಟ್ಯೂಬ್‌ಲೈಟಿನ ಸ್ವಿಚ್ಚು ಹಾಕಿದೆ.

ಅಲ್ಲಿಂದಾಚೆ ನನ್ನ ಕೋಣೆಯಲ್ಲಿ ಬೆಳಿಗ್ಗೆಯೂ ಅದೇ ಬೆಳಕು, ಸಂಜೆಯೂ ಅದೇ ಬೆಳಕು. ಕರೆಂಟು ಹೋದರೆ ಕೈ ಬಿಟ್ಟು ಕೂರಬೇಕು. ಮಧ್ಯಾಹ್ನದ ಬಿಸಿಲಿಗೆ ಹಲಗೆಗಳು ಕಾದು ಟಕ್ ಟಕ್ ಎನ್ನುತ್ತಿದ್ದವು, ಯಾರೋ ಬಂದರೆಂದು ನಾನು ಏಳುತ್ತಿದ್ದೆ. ನಿಜವಾಗಿ ಬಂದವರು ಹಲಗೆಯನ್ನು ತಟ್ಟುತ್ತಿದ್ದರು. ಅಕ್ಕಾ, ಅಕ್ಕಾ ಎನ್ನುವ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಗೇಟಿಂದ ಒಳಗೆ ಬಾರೇ ಎಂದು ನಾನು ಕಿರುಚಬೇಕು. ಒಬ್ಬಿಬ್ಬರು ಧೈರ್ಯ ಮಾಡಿ ಬಂದರು. ಹಾಲ್‌ನಲ್ಲಿ ಪಾರ್ಟಿಗಳು ಮಾತು ನಿಲ್ಲಿಸಿ ನೋಡಿದರು, ಅತ್ತೆ ಸೆರಗು ಮೂಗಿಗೆ ಹಿಡಿದರು. ಮತ್ತೆ ಅವರು ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಬ್ಬ ಟೈಲರ್ ಕೂತಿದ್ದಾನೆ ಎಂದು ಗಂಡ ಹೇಳಿದಾಗ, ಎಲ್ಲರೂ ಎಲ್ಲಿ ಹೋದರು ಎಂದು ನನಗೆ ತಿಳಿಯಿತು.

ಹೊರಗಿನಿಂದ ನೋಡಿದವರೆಲ್ಲ ಮನೆಯನ್ನು ಹೊಗಳುವವರೇ. ಎಷ್ಟು ಚೆನ್ನಾಗಿದೆ, ಒಂದು ಸ್ಕ್ರೂ ಕಾಣುವುದಿಲ್ಲವಲ್ಲ ಎಂದು ನೆಂಟರು ಗೋಡೆ ಸವರಿ ನೋಡುತ್ತಿದ್ದರು. ಒಳಗೆ ಒಬ್ಬಳು ಕೂತಿದ್ದಾಳೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನೆಲ್ಲ ಪೆಡಲಿನ ಮೇಲೆ ತೀರಿಸಿಕೊಂಡು ಎಷ್ಟು ಸಲ ಸೂಜಿ ಮುರಿದೆನೋ.

ಇಷ್ಟಾದರೂ ನನ್ನನ್ನು ಬಿಡದೆ ಇದ್ದವಳು ಒಬ್ಬಳೇ. ಅವತ್ತು ನಕ್ಕಳಲ್ಲ, ಆ ಹುರಿ ಘಟಕದಾಕೆ. ತಂಗಿಯ ಮದುವೆಗೆ ಧಾರೆ ಸೀರೆಯ ಬ್ಲೌಸನ್ನು ನನಗೇ ಕೊಟ್ಟಳು. ಒಳ್ಳೆಯ ಕಡುಗೆಂಪು ರೇಷ್ಮೆ. ದಾರದ ಡಬ್ಬಿಯಿಂದ ಹೊಂದುವ ದಾರ ಆರಿಸಿ, ಕೊರಳಿಗೆ, ತೋಳಿಗೆ ಎದ್ದು ಕಾಣುವ ಅಲಂಕಾರದ ಹೊಲಿಗೆ ಹಾಕಿದೆ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಬಣ್ಣ. ಸಂಜೆ ಗೇಟಿನ ಹತ್ತಿರ ಅವಳು ಅದನ್ನು ಬಿಸಿಲಿಗೆ ಹಿಡಿದು ಬಿಚ್ಚಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕಡುಗೆಂಪಿನ ಮೇಲೆಲ್ಲ ಕಂದು ದಾರ, ಯಾರೋ ಹಳೇ ಗೋಣಿಗೆ ಹೊಲಿಗೆ ಹಾಕಿದಂತೆ ಕಾಣುತ್ತಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಬಿಡಕ್ಕಾ, ನಿನಗೆ ಕಾಣ್ಸಿಲ್ಲ," ಎಂದಳು.

ಆ ಮಾತು ನನ್ನನ್ನು ತಿಂದುಹಾಕಿತು. ಹೊಲಿಗೆ ಕಲಿತಾಗಿನಿಂದ ನನ್ನ ಕೆಲಸಕ್ಕೆ ಯಾರೂ ಪರವಾಗಿಲ್ಲ ಎಂದವರಿಲ್ಲ. ಬ್ಲೌಸನ್ನು ವಾಪಸು ಇಸಿದುಕೊಂಡು, ಬಿಚ್ಚಿ ಬೇರೆ ಹಾಕಿಕೊಡುತ್ತೇನೆ, ನಾಳಿದ್ದು ಬಾ ಎಂದೆ. ನೇರ ಹಾಲ್‌ಗೆ ಬಂದು, ಪಾರ್ಟಿಗಳು ಯಾರೂ ಇರಲಿಲ್ಲ, ಭಾವನವರ ಎದುರು ನಿಂತು ಕೇಳಿಯೇಬಿಟ್ಟೆ. ನನಗೆ ಬಣ್ಣ ಕಾಣುತ್ತಿಲ್ಲ, ಕಿಟಕಿ ಬಿಚ್ಚಿಸಿಕೊಡಿ ಎಂದೆ. ಅವರು ಮೊದಲ ಸಲ ನನ್ನ ಕಡೆಗೇ ನೋಡಿ ಮಾತಾಡಿದರು.

"ಈಗ ಹೆಂಗಮ್ಮಾ ಆಗುತ್ತೆ? ಮೇಲಿಂದ ಒಂದೊಂದೇ ಬಿಚ್ಕೊಂಡು ಬರ್ಬೇಕು. ಅಮ್ಮ ಪೂಜೆ ಮಾಡಿರೋ ಹಲಗೇನೂ ತೆಗೀಬೇಕು. ಇಡೀ ಗೋಡೆ ಹೋಗುತ್ತೆ."

ಒಳಗಿನಿಂದ ಅತ್ತೆ, ಆ ಹಲಗೆಗೆ ಯಾರಾದರೂ ಕೈ ಹಚ್ಚಿದರೆ ನೋಡಿ ಎಂದರು. ಗಂಡ ಕಾರು ತೊಳೆಯಲು ಹೋದರು. ಸರಿ ಹೋಯಿತು ಎಂದುಕೊಂಡು ನಾನು ಕೋಣೆಗೆ ಬಂದೆ. ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತುಬಿಟ್ಟೆ. ಅಲ್ಲೇ ಸತ್ತುಹೋದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ ಅನ್ನಿಸಿತು.

ಮಾರನೆಯ ದಿನ ಬ್ಲೌಸನ್ನು ತೊಡೆಯ ಮೇಲೆ ಹಾಕಿಕೊಂಡು ಕಂದು ದಾರ ಬಿಚ್ಚಲು ಕೂತೆ. ರೇಷ್ಮೆಯನ್ನು ನಡುವೆ ಎಲ್ಲೆಂದರಲ್ಲಿ ಕೀಳಬಾರದು, ಬಟ್ಟೆ ಹರಿಯುತ್ತದೆ. ಹೊಲಿಗೆ ಎಲ್ಲಿ ಮುಗಿಸಿದ್ದೇವೋ ಆ ಗಂಟು ಹುಡುಕಿ, ಅಲ್ಲಿಂದ ಹಿಂದಕ್ಕೆ ಬರಬೇಕು. ಕೊರಳಿನ ಗಂಟು ಸಿಕ್ಕಿತು, ಕತ್ತರಿಸಿದೆ. ಎರಡು ಮೂರು ಹೊಲಿಗೆ ಬಿಚ್ಚಿದೆನೋ ಇಲ್ಲವೋ, ಕೈ ನಿಂತುಹೋಯಿತು. ಈ ಗೋಡೆಯನ್ನು ಮುಗಿಸಿದ್ದು ಎಲ್ಲಿ? ಮೇಲೆ ಅಲ್ಲ. ಪೂಜೆ ಹಲಗೆಯ ಮೇಲಿನವು ಬೇರೆ ಕತೆ. ಅದರ ಕೆಳಗಿನದನ್ನೆಲ್ಲ ಮುಗಿಸಿದ್ದು ನನ್ನ ಹಣೆಯ ಎದುರು. ಆ ಕೊನೆಯ ಹಲಗೆಗೆ ಎದುರು ಸ್ಕ್ರೂ. ಅದನ್ನು ಬಿಚ್ಚಿ ಕೆಳಕ್ಕೆ ಜಾರಿಸಿದರೆ ಅದು ಮುಚ್ಚಿಕೊಂಡಿರುವ ಹಲಗೆಯ ಮೇಲಂಚು ಕಾಣುತ್ತದೆ. ಆ ಅಂಚಿನಲ್ಲಿ ಅದರ ಸ್ಕ್ರೂಗಳಿವೆ. ಅದನ್ನು ತೆಗೆದರೆ ಅದರ ಕೆಳಗಿನದು. ಪೂಜೆ ಹಲಗೆಯನ್ನು ಮುಟ್ಟುವ ಹಾಗೇ ಇಲ್ಲ. ನಮ್ಮತ್ತೆ ಮಾಡಿಸಿದ ತಪ್ಪು ನನ್ನ ಕಿಟಕಿಗೆ ಸರಿಯಾಗಿ ಬಂದು ನಿಂತಿತ್ತು.

ಎದ್ದು ಕಿಟಕಿಯ ಬಾಗಿಲು ತೆಗೆದು ಸರಳಿನ ಸಂದಿಯಿಂದ ಕೈ ಹಾಕಿ ಆ ಹಲಗೆಯನ್ನು ನೂಕಿದೆ. ಅಲುಗಲಿಲ್ಲ. ಸ್ಕ್ರೂಗಳ ಮೊನೆ ನನ್ನ ಕಡೆ ಇತ್ತು, ತಲೆ ರಸ್ತೆಯ ಕಡೆ. ಒಳಗೆ ಕೂತು ನಾನು ಏನು ಮಾಡಿದರೂ ಅದು ಬಿಚ್ಚುವುದಿಲ್ಲ. ಹಾಲ್ ದಾಟಿ, ಗೇಟು ದಾಟಿ, ರಸ್ತೆಯಲ್ಲಿ ನಿಂತು, ಊರೆಲ್ಲ ನೋಡುವಾಗ ಬಿಚ್ಚಬೇಕು. ಮದುವೆಯಾಗಿ ಬಂದಮೇಲೆ ನಾನು ಆ ರಸ್ತೆಯಲ್ಲಿ ಸುಮ್ಮನೆ ನಿಂತದ್ದು ಕೂಡ ಇಲ್ಲ.

ನಾಳಿದ್ದು ಬಾ ಎಂದಿದ್ದೆನಲ್ಲ, ಆ ದಿನ ಬೆಳಿಗ್ಗೆ, ಹೆಂಗಸರು ಕೆಲಸಕ್ಕೆ ಹೋಗುವ ಹೊತ್ತಿಗೆ, ಗಂಡನ ಹತ್ತಿರ ಕಾರಿನ ಸ್ಟಾರ್ ಸ್ಕ್ರೂಡ್ರೈವರ್ ಕೇಳಿದೆ. ಯಾತಕ್ಕೆ ಎಂದರು. ನಿಮ್ಮಣ್ಣನ ಎಲಿವೇಷನ್ ಬಿಚ್ಚುವುದಕ್ಕೆ ಎಂದೆ. ಬೇಡ ಅನ್ನುತ್ತಾರೆ, ಅಣ್ಣ ಏನಂದಾನು ಅನ್ನುತ್ತಾರೆ ಎಂದುಕೊಂಡೆ. ಅವರು ಡಿಕ್ಕಿ ತೆಗೆದು ಸ್ಕ್ರೂಡ್ರೈವರ್ ಕೊಟ್ಟರು.

ಸ್ಟೂಲು ಎತ್ತಿಕೊಂಡು ಹಾಲ್ ದಾಟಿದೆ. ಇಬ್ಬರು ಪಾರ್ಟಿಗಳು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಹೊರಗೆ ಬಂದು ಸ್ಟೂಲು ಹತ್ತಿ ನೋಡಿದರೆ ಸ್ಕ್ರೂ ಎಲ್ಲಿ ಕಾಣುತ್ತದೆ? ಆಫೀಸು ಬೋರ್ಡು ಇನ್ನೂ ಬಂದಿರಲಿಲ್ಲ, ಬರೀ ಪುಟ್ಟಿ, ಬಣ್ಣ. ಹಾಳಾದವನು ಚೆನ್ನಾಗೇ ಕೆಲಸ ಮಾಡಿದ್ದ. ಬಿದ್ದ ಗುಂಡುಸೂಜಿ ಆರಿಸಲು ನಾನು ಇಟ್ಟುಕೊಂಡಿರುವ ಆಯಸ್ಕಾಂತ ಸೆರಗಿನ ತುದಿಯಲ್ಲಿತ್ತು. ಅದನ್ನು ಹಲಗೆಯ ಮೇಲೆ ಎಳೆದುಕೊಂಡು ಹೋದೆ, ಒಂದು ಕಡೆ ಟಪ್ಪನೆ ಕಚ್ಚಿಕೊಂಡಿತು. ಹೊಲಿಗೆ ಬಿಚ್ಚುವ ಕಡ್ಡಿಯಿಂದ ಪುಟ್ಟಿ ಕೆರೆದೆ. ಸ್ಕ್ರೂವಿನ ತಲೆ ಕಂಡಿತು, ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ.

ಹೋಗುತ್ತಿದ್ದ ಹೆಂಗಸರು ನಿಂತರು. ಹುರಿ ಘಟಕದಾಕೆಯೂ ಬಂದಳು. ನಾನು ಕೊನೆಯ ಸ್ಕ್ರೂ ಬಿಚ್ಚುವಷ್ಟರಲ್ಲಿ, ಯಾರೂ ಹೇಳದೆಯೇ, ಹಲಗೆಯ ಎರಡು ತುದಿಗೆ ಇಬ್ಬರು ಕೈ ಕೊಟ್ಟಿದ್ದರು. ಭಾರದ ಹಲಗೆ, ಮೆಲ್ಲಗೆ ಕೆಳಕ್ಕೆ ಜಾರಿಸಿ ಹೊರಗೆ ತೆಗೆದೆವು. ಅದರ ಹಿಂದೆ ಕೆಳಗಿನ ಹಲಗೆಯ ಸ್ಕ್ರೂಗಳು ಸಾಲಾಗಿ, ಹೊಸದರಂತೆ ಹೊಳೆಯುತ್ತಾ ಕೂತಿದ್ದವು. ಅಷ್ಟರಲ್ಲಿ ಭಾವನವರು ಹೊರಗೆ ಬಂದರು. ರಸ್ತೆಯಲ್ಲಿ ಮಾನ ಹರಾಜು ಹಾಕುತ್ತಿದ್ದೀಯಲ್ಲಮ್ಮ ಎಂದರು. ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಅವರು ತಮ್ಮನನ್ನು ಕೂಗಿದರು. ತಮ್ಮ ಬಂದು ನನ್ನ ಸ್ಟೂಲು ಹಿಡಿದುಕೊಂಡರು. ಆಗ ಭಾವನವರಿಗೆ ಉಳಿದದ್ದು ಒಂದೇ ದಾರಿ, ಅಮ್ಮನನ್ನು ಕರೆದರು.

ಅತ್ತೆ ಗೋಡೆ ಹಿಡಿದುಕೊಂಡು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಮೇಲೆ ನೋಡಿದರು.

"ಅದನ್ನ ಮುಟ್ಟಿದ್ದಾಳೇನೋ?"

ಇಲ್ಲವೆಂದು ಭಾವನವರೇ ಹೇಳಬೇಕಾಯಿತು. ಮುಟ್ಟಿಲ್ಲ ತಾನೇ ಮತ್ತೆ ಎಂದು ಅತ್ತೆ ಒಳಗೆ ಹೋದರು. ನನ್ನ ಪರವಾಗಿ ಆಡಿದ ಮಾತಲ್ಲ ಅದು, ನನಗೆ ಗೊತ್ತು. ಅವರಿಗೆ ಅವರ ಹಲಗೆ ಇದ್ದರೆ ಸಾಕಿತ್ತು. ಭಾವನವರು ಹಾಲ್‌ನಲ್ಲಿ ಪಾರ್ಟಿಗಳು ಕಾಯುತ್ತಿದ್ದಾರೆಂಬ ನೆಪ ತೆಗೆದುಕೊಂಡು ಹೋದರು.

ಹಲಗೆಗಳನ್ನು ಒಂದೊಂದಾಗಿ ಕಾಂಪೌಂಡಿಗೆ ಒರಗಿಸಿದೆವು. ಕಿಟಕಿ ಪೂರ್ತಿ ಬಿಟ್ಟುಕೊಂಡಿತು. ಸ್ಟೂಲಿನಿಂದ ಇಳಿದು, ಬೆವರು ಒರೆಸಿಕೊಂಡು, ಒಳಗೆ ನೋಡಿದೆ. ಆ ಕಿಟಕಿಯೊಳಗೆ ಹೊರಗಿನಿಂದ ನಾನು ಯಾವತ್ತೂ ಇಣುಕಿರಲಿಲ್ಲ. ಯಾವಾಗಲೂ ಒಳಗೇ ಇರುತ್ತಿದ್ದೆನಲ್ಲ. ತಗಡಿನ ಪಟ್ಟಿಗಳ ಹಿಂದೆ ಕಬ್ಬಿಣದ ಸರಳು. ಸರಳಿನ ಹಿಂದೆ ನಾಲ್ಕು ಹೆಜ್ಜೆಗೆ ಮುಗಿದುಹೋಗುವ ಕೋಣೆ, ಹಗಲಲ್ಲೇ ಉರಿಯುತ್ತಿರುವ ಟ್ಯೂಬ್‌ಲೈಟು, ಗೋಡೆಗೆ ಮುಖ ಮಾಡಿದ ಮಿಷನ್ನು, ಕೂತೂ ಕೂತೂ ನಡುವೆ ತಗ್ಗಾದ ದಿಂಬು. ಪಟ್ಟಿ, ಟ್ಯೂಬ್‌ಲೈಟು ಬಿಟ್ಟರೆ, ಹಲಗೆ ಹೊಡೆಯುವ ಮುಂಚೆಯೂ ಅದು ಹೀಗೇ ಇತ್ತು.

ಹುರಿ ಘಟಕದಾಕೆ ಪಕ್ಕದಲ್ಲೇ ನಿಂತಿದ್ದಳು. ನಿಜವಾದ ಬಣ್ಣದ ದಾರ ಹಾಕಿದ್ದೀಯಾ ಅಕ್ಕಾ, ಇನ್ನು ಒಳಗೆ ಹೋಗು, ಬ್ಲೌಸು ಈಚೆ ಕೊಡು ಎಂದಳು. ದಾರ ಬಿಚ್ಚಿದ್ದೆ, ಇನ್ನೂ ಹಾಕಿರಲಿಲ್ಲ, ಬಿಸಿಲಿನಲ್ಲಿ ನೋಡಿ ಆರಿಸಬೇಕಿತ್ತು. ಒಂದು ಗಳಿಗೆ ತಾಳು, ಇಲ್ಲೇ ಹಾಕಿಕೊಡುತ್ತೇನೆ ಎಂದೆ. ಗಂಡ ಇನ್ನೂ ಸ್ಟೂಲು ಹಿಡಿದುಕೊಂಡೇ ನಿಂತಿದ್ದರು.

"ರೀ, ಮಿಷನ್ನು ಹೊರಗೆ ತನ್ನಿ," ಎಂದೆ.

ಕಿಟಕಿ ಬಿಚ್ಚಿ ಆಯ್ತಲ್ಲ, ಇನ್ನು ಹೊರಗೆ ಎಲ್ಲಿಗೆ ಎಂದು ಅವರು ಕೇಳಿದರು. ನನಗೂ ಗೊತ್ತಿರಲಿಲ್ಲ.

"ಮೊದಲು ತನ್ನಿ. ನಾನು ಇಲ್ಲೇ ನಿಂತಿರ್ತೀನಿ."